ಸ್ಟೆಂಟಿನ ಸ್ಟಿಕ್ಕರ್ ಇದೆ, ಎಕ್ಸ್‌ರೇ ಲೆಕ್ಕ ಎಲ್ಲಿದೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿಗಳು: ಅಧ್ಯಕ್ಷರು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಮುಂಬೈ, ಕ್ಯಾಥ್‌ಲ್ಯಾಬ್ (ಎಕ್ಸ್‌ರೇ ನೋಡುತ್ತಾ ರಕ್ತನಾಳದ ಚಿಕಿತ್ಸೆ ಮಾಡುವ ಕೋಣೆ) ಇರುವ ರಾಜ್ಯದ ಎಲ್ಲ ಆಸ್ಪತ್ರೆಗಳ ಆಡಳಿತ ಮಂಡಳಿಗಳು, ಹೃದ್ರೋಗ ತಜ್ಞರು.

ವಿಷಯ: ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆಗಳಲ್ಲಿ ರೋಗಿಯ ಚರ್ಮಕ್ಕೆ ಬಿದ್ದ ಎಕ್ಸ್‌ರೇ ಡೋಸನ್ನು ಅಳೆದು, ಬರೆದು, ರೋಗಿಗೆ ತಿಳಿಸುವ ಬಗ್ಗೆ.

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನಮ್ಮಪ್ಪನ ಬೆನ್ನಿನ ಮೇಲೆ, ಬಲ ಹೆಗಲಿನ ಕೆಳಗೆ, ಅಂಗೈ ಅಗಲದ ಒಂದು ಕಲೆ ಇದೆ. ಅಲ್ಲಿನ ಚರ್ಮ ಅವರ ಬೆನ್ನಿನದಲ್ಲ. ಪಕ್ಕದಿಂದ ತಿರುಗಿಸಿ ತಂದು ಹೊಲಿದ ಚರ್ಮ ಅದು. ಅಲ್ಲಿ ಮೊದಲು ಇದ್ದದ್ದು ಎಕ್ಸ್‌ರೇಯಿಂದ ಆದ ಹುಣ್ಣು. ಅದು ಎಕ್ಸ್‌ರೇಯಿಂದ ಆದದ್ದು ಅಂತ ನಮಗೆ ಗೊತ್ತಾಗುವುದಕ್ಕೆ ಐದು ತಿಂಗಳು ಬೇಕಾಯಿತು. ಆ ಐದು ತಿಂಗಳ ಬಗ್ಗೆ ನಾನು ತಮಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಚಿಕಿತ್ಸೆ ಕೊಟ್ಟ ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ಅಪ್ಪ ಇವತ್ತು ಬೆಳಗ್ಗೆ ಎದ್ದು ತೋಟದ ತನಕ ನಡೆದುಹೋಗಿ ಬರುತ್ತಾರೆ ಅಂದರೆ ಅದು ಅವರ ಕೈಗುಣ. ಆಸ್ಪತ್ರೆಯ ಹೆಸರನ್ನೂ ನಾನು ಬರೆಯುವುದಿಲ್ಲ. ಈ ಕೊರತೆ ಒಂದು ಆಸ್ಪತ್ರೆಯದು ಅಂತ ನನಗೆ ಅನ್ನಿಸಿದ್ದರೆ ಸಚಿವರಿಗೆ ಪತ್ರ ಬರೆಯುತ್ತಿರಲಿಲ್ಲ, ಅಲ್ಲಿಗೇ ಹೋಗಿ ಕೇಳುತ್ತಿದ್ದೆ.

2023ರ ಜೂನ್‌ನಲ್ಲಿ ಅಪ್ಪನಿಗೆ ಎದೆನೋವು ಜಾಸ್ತಿಯಾಯಿತು. ಆಂಜಿಯೋಗ್ರಾಂ ಮಾಡಿಸಿದಾಗ ಹೃದಯದ ಬಲಗಡೆ ರಕ್ತನಾಳ ಪೂರ್ತಿ ಮುಚ್ಚಿದೆ, ಹಳೇ ಬ್ಲಾಕು, ಗಟ್ಟಿಯಾಗಿದೆ ಅಂದರು. ಇಂಥ ಬ್ಲಾಕು ಬಿಡಿಸಲು ಎಕ್ಸ್‌ರೇ ಪರದೆ ನೋಡುತ್ತಾ ರಕ್ತನಾಳದೊಳಗೆ ತೆಳ್ಳಗಿನ ವೈರು ತೂರಿಸುತ್ತಾರೆ. ಮೊದಲ ಸಲ ಪ್ರಯತ್ನಿಸಿದಾಗ ಆ ವೈರು ಬ್ಲಾಕು ದಾಟಲಿಲ್ಲ. ಎರಡೂವರೆ ಗಂಟೆ ಆದ ಮೇಲೆ ನಿಲ್ಲಿಸಿ, ಐದು ವಾರ ಬಿಟ್ಟು ಬನ್ನಿ ಎಂದರು. ಎರಡನೇ ಸಲ ಮೂರು ಗಂಟೆಗಿಂತ ಹೆಚ್ಚು ಹಿಡಿಯಿತು. ಡಾಕ್ಟರು ಸೀಸದ ಏಪ್ರನ್ ಬಿಚ್ಚುತ್ತಾ ಹೊರಗೆ ಬಂದಾಗ ಅವರ ಅಂಗಿ ಬೆವರಿಗೆ ಮೈಗೆ ಅಂಟಿಕೊಂಡಿತ್ತು. "ಓಪನ್ ಆಯ್ತು ಮೇಡಂ, ಎರಡು ಸ್ಟೆಂಟ್ ಹಾಕಿದೀವಿ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮೂವತ್ತೊಂದು ವರ್ಷ ಕಂಡಕ್ಟರ ಸೀಟಿಯ ಸದ್ದಿಗೆ ಕಿವಿ ಕೊಟ್ಟು ಬಸ್ಸು ಓಡಿಸಿದವರು. ಈ ಚಿಕಿತ್ಸೆಯಲ್ಲಿ ಪೂರ್ತಿ ಮಂಪರು ಕೊಡುವುದಿಲ್ಲ, ರೋಗಿಗೆ ಎಚ್ಚರ ಇರುತ್ತದೆ. ಆಮೇಲೆ ಅವರು ನನಗೆ ಹೇಳಿದ್ದು ಇಷ್ಟು: "ಒಳಗೆ ಏನೋ ಒಂದು ಸ್ವಲ್ಪ ಸ್ವಲ್ಪ ಹೊತ್ತಿಗೆ ಕುಯ್ಯ್ ಅಂತ ಕೂಗೋದು ಕಣಮ್ಮ. ಒಬ್ಬ ಹುಡುಗ ಬಂದು ಅದನ್ನ ಒತ್ತಿ ಸುಮ್ನಾಗಿಸೋನು. ಮತ್ತೆ ಕೂಗೋದು, ಮತ್ತೆ ಒತ್ತೋನು." ಅದೇನು ಅಂತ ನಮಗೆ ಆಗ ಗೊತ್ತಿರಲಿಲ್ಲ. ಎಕ್ಸ್‌ರೇ ಐದು ನಿಮಿಷ ಓಡಿದಾಗಲೆಲ್ಲ ಯಂತ್ರ ಕೊಡುವ ಎಚ್ಚರಿಕೆ ಅದು.

ಎರಡನೇ ಚಿಕಿತ್ಸೆ ಆಗಿ ಹನ್ನೆರಡು ದಿನಕ್ಕೆ ಬೆನ್ನು ಕೆಂಪಾಯಿತು. ಬಿಸಿಲಿಗೆ ಸುಟ್ಟ ಹಾಗೆ. ಅಮ್ಮ ನೋಡಿ "ಸರ್ಪಸುತ್ತು" ಎಂದರು. ಊರಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವವರೊಬ್ಬರಿದ್ದಾರೆ. ಮೂರು ದಿನ ಹಚ್ಚಿಸಿದೆವು. ಕಡಿಮೆಯಾಗಲಿಲ್ಲ. ತಾಲ್ಲೂಕು ಕೇಂದ್ರದ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರಿನ ಅಲರ್ಜಿ ಇರಬಹುದು ಎಂದು ಮುಲಾಮು ಕೊಟ್ಟರು. ಇನ್ನೊಬ್ಬರು, ಬಹಳ ಹೊತ್ತು ಅಂಗಾತ ಮಲಗಿದ್ದರಿಂದ ಒತ್ತಿ ಹುಣ್ಣಾಗಿದೆ ಎಂದರು. ಮತ್ತೊಬ್ಬರು ಒಂದು ಚೂರು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಆ ಕತ್ತರಿಸಿದ ಜಾಗ ಮುಚ್ಚಲೇ ಇಲ್ಲ. ಅಲ್ಲಿಂದಲೇ ಹುಣ್ಣು ಬಾಯಿ ಬಿಟ್ಟಿತು. ಇಂಥ ಗಾಯದ ಮೇಲೆ ಸುಮ್ನೆ ಬಯಾಪ್ಸಿ ಮಾಡಬಾರದು, ಮಾಡಿದರೆ ಗಾಯ ಕೆಡಬಹುದು ಅಂತ ನಾನು ಓದಿ ತಿಳಿದದ್ದು ಆಮೇಲೆ. ಅವರನ್ನೂ ನಾನು ದೂರುವುದಿಲ್ಲ. ಅವರ ಕೈಗೆ ನಾವು ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಕ್ಸ್‌ರೇ ಅನ್ನುವ ಪದವೇ ಇರಲಿಲ್ಲ.

ನಾಲ್ಕನೇ ತಿಂಗಳ ಹೊತ್ತಿಗೆ ಅಪ್ಪ ಬನಿಯನ್ ಹಾಕುವುದು ಬಿಟ್ಟರು. ಕುರ್ಚಿಗೆ ಒರಗುತ್ತಿರಲಿಲ್ಲ. ರಾತ್ರಿ ಬೋರಲು ಮಲಗಿ ಹಲ್ಲು ಕಚ್ಚಿಕೊಂಡು ಬೆಳಗು ಮಾಡುತ್ತಿದ್ದರು. ಹೃದಯದ ನೋವು ಹೋಯಿತಲ್ಲ ಅಂತ ನಾವು ಸಮಾಧಾನ ಹೇಳಿದರೆ, "ಅದು ಯಾವಾಗಲೋ ಒಂದ್ಸಲ ಬರೋದು, ಇದು ಬಿಡೋದೇ ಇಲ್ಲ" ಎನ್ನುತ್ತಿದ್ದರು.

ಕೊನೆಗೆ ದಾವಣಗೆರೆಯಲ್ಲಿ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಗಾಯದ ಮಧ್ಯ ನೋಡಲಿಲ್ಲ, ಅಂಚು ನೋಡಿದರು. ಬೆರಳಿನಿಂದ ಅಂಚಿನ ಗುಂಟ ಗೆರೆ ಎಳೆದ ಹಾಗೆ ತೋರಿಸಿ ನನ್ನನ್ನು ಹತ್ತಿರ ಕರೆದರು. ಎರಡು ಕಡೆ ಅಂಚು ನೆಟ್ಟಗೆ, ಸ್ಕೇಲು ಇಟ್ಟು ಎಳೆದ ಹಾಗಿತ್ತು. ಒಂದು ಕಡೆ ಮೂಲೆ ಕೂಡ ಇತ್ತು. "ಯಜಮಾನ್ರೇ, ನಿಮಗೆ ಹಾರ್ಟಿಗೆ ಸ್ಟೆಂಟ್ ಹಾಕಿದಾರಾ? ಎಷ್ಟು ಹೊತ್ತು ಆಯ್ತು?" ಎಂದು ಕೇಳಿದರು. ಐದು ತಿಂಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲನೇ ಡಾಕ್ಟರು ಅವರು. ಕಾಯಿಲೆಗಳು ಚೌಕವಾಗಿ ಬರುವುದಿಲ್ಲ, ಎಕ್ಸ್‌ರೇ ಕಿರಣ ಹೊರಡುವ ಕಿಂಡಿ ಚೌಕ, ಅಂತ ಅವರೇ ವಿವರಿಸಿದರು.

ಅಲ್ಲಿಂದ ಬಂದ ಮೇಲೆ ನಾನು ಆಸ್ಪತ್ರೆಗೆ ಪತ್ರ ಬರೆದು ದಾಖಲೆ ಕೇಳಿದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮ ಹೇಳುತ್ತದೆ. ಕೊಟ್ಟರು, ತಕರಾರು ಮಾಡಲಿಲ್ಲ. ಆದರೆ ನಾನು ಕೇಳಿದ್ದ ಡೋಸಿನ ಹಾಳೆ ಆ ಫೈಲಿನಲ್ಲಿರಲಿಲ್ಲ. ಯಂತ್ರದಿಂದ ಹೊಸದಾಗಿ ತೆಗೆದು ಕೊಡಬೇಕಾಯಿತು. ಟೆಕ್ನಿಷಿಯನ್ ಹುಡುಗ ಒಳ್ಳೆಯವನು, ಹುಡುಕಿ ಪ್ರಿಂಟ್ ತೆಗೆದುಕೊಟ್ಟ. "ಇದು ಪ್ರತಿ ಕೇಸಿಗೂ ಮೆಷಿನ್ನಲ್ಲೇ ಸೇವ್ ಆಗಿರುತ್ತೆ ಮೇಡಂ. ಕೇಸ್ ಮುಗಿದ ಮೇಲೆ ಯಾರೂ ನೋಡಲ್ಲ" ಎಂದ.

ಮೊದಲ ಸಲ: ಎಕ್ಸ್‌ರೇ ಓಡಿದ್ದು 71 ನಿಮಿಷ, ಡೋಸ್ 6,140 ಮಿಲಿಗ್ರೇ. ಎರಡನೇ ಸಲ: 94 ನಿಮಿಷ, 9,310 ಮಿಲಿಗ್ರೇ. ವಿಕಿರಣ ಅಳೆಯುವ ಮಾನ ಗ್ರೇ, ಸಾವಿರ ಮಿಲಿಗ್ರೇಗೆ ಒಂದು ಗ್ರೇ. ಎರಡೂ ಸೇರಿದರೆ ಹದಿನೈದು ಗ್ರೇಗಿಂತ ಜಾಸ್ತಿ. ಎರಡೂ ದಿನ ಹೆಚ್ಚಿನ ಹೊತ್ತು ಎಕ್ಸ್‌ರೇ ಹೊರಡಿಸುವ ಟ್ಯೂಬು ಇದ್ದದ್ದು ಒಂದೇ ಕೋನದಲ್ಲಿ, ಬೆನ್ನಿನ ಬಲಗಡೆ.

ಈ ಅಂಕಿ ಅಂದರೆ ಏನು ಅಂತ ಓದುವವರಿಗೆ ಹೇಳಬೇಕು. ಚರ್ಮದ ಒಂದೇ ಜಾಗಕ್ಕೆ ಸುಮಾರು 2 ಗ್ರೇ ಬಿದ್ದರೆ ಕೆಲವು ಗಂಟೆಗಳಲ್ಲಿ ತೆಳ್ಳಗೆ ಕೆಂಪಾಗಿ ಮಾಯವಾಗಬಹುದು. 3 ಗ್ರೇ ಆದರೆ ಮೂರು ವಾರಕ್ಕೆ ಆ ಜಾಗದ ಕೂದಲು ಉದುರಬಹುದು. ಮಿದುಳಿನ ರಕ್ತನಾಳಕ್ಕೆ ಇದೇ ಥರ ಚಿಕಿತ್ಸೆ ಮಾಡಿಸಿಕೊಂಡ ಕೆಲವರಿಗೆ ತಲೆಯ ಒಂದು ಕಡೆ ಪಟ್ಟಿಯಂತೆ ಕೂದಲು ಹೋಗುವುದು ಇದರಿಂದಲೇ. 6 ಗ್ರೇ ಆಸುಪಾಸಿನಲ್ಲಿ ಹತ್ತು ದಿನಕ್ಕೆ ನಿಜವಾದ ಕೆಂಪು ಬರುತ್ತದೆ. 14, 18 ಗ್ರೇ ಅಂದರೆ ನಾಲ್ಕು ವಾರಕ್ಕೆ ಚರ್ಮ ಸುಲಿಯುವುದು, ಒಸರುವುದು. ಅದಕ್ಕೂ ಮೇಲಾದರೆ ತಿಂಗಳುಗಳ ನಂತರ ಹುಣ್ಣು, ಒಳಗಿನ ಮಾಂಸ ಸಾಯುವುದು. ಎಲ್ಲರ ಚರ್ಮ ಒಂದೇ ಥರ ಅಲ್ಲ, ಇವು ಅಂದಾಜಿನ ಗಡಿಗಳು. ಆದರೆ ಈ ಗಾಯದ ಮೋಸ ಇರುವುದು ಆ ದಿನಗಳ ಲೆಕ್ಕದಲ್ಲಿ. ಬಿಸಿನೀರು ಬಿದ್ದರೆ ಆಗಲೇ ಉರಿಯುತ್ತದೆ. ಇದು ಉರಿಯುವುದಿಲ್ಲ. ರೋಗಿ ನಗುನಗುತ್ತಾ ಮನೆಗೆ ಹೋಗಿರುತ್ತಾನೆ. ಗಾಯ ಏಳುವ ಹೊತ್ತಿಗೆ ಅವನ ಮುಂದೆ ಕೂತಿರುವುದು ಹೃದಯದ ಡಾಕ್ಟರಲ್ಲ, ಊರಿನ ಡಾಕ್ಟರು. ಅವರಿಗೆ ಯಾರೂ ಏನೂ ಹೇಳಿರುವುದಿಲ್ಲ.

ಇನ್ನು ಅಳತೆಯ ವಿಷಯ. ಈ ಪತ್ರದ ಮುಖ್ಯ ಮಾತು ಇದೇ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಪರದೆಯ ಮೇಲೆ ಕಾಣುವ ಡೋಸ್ ಅಂಕಿ ಚರ್ಮದ ಮೇಲೆ ಅಳೆದದ್ದಲ್ಲ. ಗಾಳಿಯಲ್ಲಿ ಒಂದು ಗೊತ್ತಾದ ಬಿಂದು ಇದೆ, ಯಂತ್ರ ತಿರುಗುವ ಕೇಂದ್ರದಿಂದ ಟ್ಯೂಬಿನ ಕಡೆಗೆ 15 ಸೆಂಟಿಮೀಟರ್ ದೂರದಲ್ಲಿ. ಆ ಬಿಂದುವಿನಲ್ಲಿ ಎಷ್ಟು ಎಕ್ಸ್‌ರೇ ಬಂತು ಅನ್ನುವ ಲೆಕ್ಕ ಅದು. ರೋಗಿಯ ಬೆನ್ನು ಆ ಬಿಂದುವಿಗಿಂತ ಟ್ಯೂಬಿಗೆ ಹತ್ತಿರ ಇದ್ದರೆ ಚರ್ಮಕ್ಕೆ ಬೀಳುವುದು ಹೆಚ್ಚು, ದೂರ ಇದ್ದರೆ ಕಡಿಮೆ. ದೂರ ಅರ್ಧವಾದರೆ ನಾಲ್ಕು ಪಟ್ಟು ಅಂತ ನಾನು ಮಕ್ಕಳಿಗೆ ದೀಪ ಇಟ್ಟು ತೋರಿಸುತ್ತೇನಲ್ಲ, ಅದೇ ನಿಯಮ. ಮೈಯೊಳಗಿನಿಂದ ಚದುರಿ ಹಿಂದಕ್ಕೆ ಬರುವ ಕಿರಣ ಚರ್ಮದ ಡೋಸಿಗೆ ಇನ್ನಷ್ಟು ಸೇರಿಸುತ್ತದೆ. ಟೇಬಲ್ಲು, ಹಾಸಿಗೆ ಒಂದಷ್ಟು ತಡೆಯುತ್ತವೆ. ಅಪ್ಪನ ತೂಕ ಆಗ 96 ಕೆಜಿ. ಮೈ ದಪ್ಪ ಇದ್ದಷ್ಟೂ ಚಿತ್ರ ಕಾಣಲಿ ಅಂತ ಯಂತ್ರ ತಾನಾಗಿಯೇ ಎಕ್ಸ್‌ರೇ ಏರಿಸುತ್ತದೆ. ನಿಮಿಷದ ಲೆಕ್ಕ ಮಾತ್ರ ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ. ತೆಳ್ಳಗಿನವರಿಗೆ ಒಂದು ಗಂಟೆ ಓಡಿಸಿದ್ದಕ್ಕೂ ದಪ್ಪಗಿನವರಿಗೆ ಒಂದು ಗಂಟೆ ಓಡಿಸಿದ್ದಕ್ಕೂ ಅಜಗಜಾಂತರ.

ಇನ್ನೂ ಒಂದಿದೆ. ಒಟ್ಟು ಎಷ್ಟು ಬಿತ್ತು ಅನ್ನುವುದಕ್ಕಿಂತ ಒಂದೇ ಕಡೆ ಎಷ್ಟು ಬಿತ್ತು ಅನ್ನುವುದು ಮುಖ್ಯ. ಮಳೆ ಅಂಗಳದ ತುಂಬ ಬಿದ್ದರೆ ನೆಲಕ್ಕೆ ಏನೂ ಆಗುವುದಿಲ್ಲ. ಸೂರಿನ ನೀರು ಒಂದೇ ಜಾಗಕ್ಕೆ ಬಿದ್ದರೆ ಅಲ್ಲಿ ಗುಂಡಿ ಬೀಳುತ್ತದೆ. ಕ್ಯಾಥ್‌ಲ್ಯಾಬಿನ ಯಂತ್ರ ಅಂಗಳಕ್ಕೆ ಬಿದ್ದ ಮಳೆ ಎಷ್ಟು ಅಂತ ಹೇಳುತ್ತದೆ. ಗುಂಡಿ ಎಲ್ಲಿ ಬೀಳುತ್ತಿದೆ ಅಂತ ಬೇರೆ ಅಳೆಯಬೇಕು.

ಅದನ್ನು ಅಳೆಯಲು ಆಗುವುದಿಲ್ಲವೇ? ಆಗುತ್ತದೆ. ನನ್ನ ಹಳೆಯ ಸಹಪಾಠಿಯೊಬ್ಬಳು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ಫಿಸಿಸಿಸ್ಟ್, ಅಂದರೆ ವಿಕಿರಣದ ಅಳತೆ ನೋಡಿಕೊಳ್ಳುವ ತಜ್ಞೆ. ಅವಳು ನನಗೆ ಒಂದು ಫಿಲ್ಮ್ ತೋರಿಸಿದಳು. ರೇಡಿಯೋಕ್ರೋಮಿಕ್ ಫಿಲ್ಮ್ ಅನ್ನುತ್ತಾರೆ. ಎದೆಯ ಎಕ್ಸ್‌ರೇ ಹಾಳೆಯಷ್ಟೇ ದೊಡ್ಡದು. ರೋಗಿ ಮಲಗುವ ಮೊದಲು ಬೆನ್ನಿನ ಕೆಳಗೆ ಹಾಸಿಬಿಟ್ಟರೆ ಸಾಕು. ಎಕ್ಸ್‌ರೇ ಬಿದ್ದ ಕಡೆ ತಾನಾಗಿ ಕಪ್ಪಾಗುತ್ತದೆ, ಕತ್ತಲೆ ಕೋಣೆ ಬೇಡ, ತೊಳೆಯುವುದು ಬೇಡ. ಯಾವುದೋ ಹಳೆಯ ಕೇಸಿನ ಹಾಳೆ ಅದು. ಬೆಳಕಿಗೆ ಹಿಡಿದಳು. ಚೌಕದ ಮೇಲೆ ಚೌಕ. ಕೆಲವು ತೆಳು, ಕೆಲವು ಗಾಢ. ಎರಡು ಮೂರು ಚೌಕ ಒಂದರ ಮೇಲೊಂದು ಕೂತ ಕಡೆ ಇದ್ದಿಲಿನ ಬಣ್ಣ. ಅಂಚು ನೆಟ್ಟಗೆ, ಮೂಲೆ ಚೂಪು. ನಾನು ಮಾತಾಡಲಿಲ್ಲ. ಐದು ತಿಂಗಳು ದಿನಕ್ಕೆ ಎರಡು ಸಲ ನಾನು ಔಷಧಿ ಹಚ್ಚಿದ ಜಾಗದ ಆಕಾರ ಆ ಹಾಳೆಯ ಮೇಲಿತ್ತು.

ಎಲ್ಲ ಕೇಸಿಗೂ ಫಿಲ್ಮ್ ಹಾಸಿ ಅಂತ ನಾನು ಕೇಳುತ್ತಿಲ್ಲ. ಅದಕ್ಕೆ ದುಡ್ಡು ಬೇಕು, ಆಮೇಲೆ ಓದುವವರು ಬೇಕು. ಬೇರೆ ದಾರಿಯೂ ಇದೆ. ಈಗಿನ ಯಂತ್ರಗಳು ಡಾಕ್ಟರು ಪ್ರತಿ ಸಲ ಎಕ್ಸ್‌ರೇ ಬಿಡುವ ಪೆಡಲ್ ತುಳಿದಾಗಲೂ ಟ್ಯೂಬಿನ ಕೋನ, ಟೇಬಲ್ಲಿನ ಎತ್ತರ, ಡೋಸು ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಡುತ್ತವೆ. ಅದರಿಂದ ಬೆನ್ನಿನ ಯಾವ ಭಾಗಕ್ಕೆ ಎಷ್ಟು ಬಿದ್ದಿದೆ ಅಂತ ನಕ್ಷೆ ಮಾಡಿ ತೋರಿಸುವ ಸಾಫ್ಟ್‌ವೇರ್ ಇದೆ. ಅದೂ ಇಲ್ಲದಿದ್ದರೆ ಪರದೆಯ ಅಂಕಿಯನ್ನಾದರೂ ಬರೆದಿಡಬಹುದು. ಅದು ಚರ್ಮದ ಡೋಸಿನ ನಿಖರ ಅಳತೆ ಅಲ್ಲ, ಒಪ್ಪುತ್ತೇನೆ. ಆದರೆ 300 ಮಿಲಿಗ್ರೇ ಬಿದ್ದವರು ಯಾರು, 9,000 ಬಿದ್ದವರು ಯಾರು ಅಂತ ಬೇರೆ ಮಾಡಲು ಅದು ಧಾರಾಳ ಸಾಕು.

ಇವು ಹೊಸ ಮಾತುಗಳಲ್ಲ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ 1994ರ ಸೆಪ್ಟೆಂಬರ್‌ನಲ್ಲೇ ಈ ಗಾಯಗಳ ಬಗ್ಗೆ ಎಚ್ಚರಿಕೆ ಹೊರಡಿಸಿ, ಚರ್ಮದ ಡೋಸ್ ಅಂದಾಜಿಸಲು ಬೇಕಾದ ವಿವರವನ್ನು ರೋಗಿಯ ದಾಖಲೆಯಲ್ಲಿ ಬರೆಯಿರಿ ಎಂದಿತ್ತು. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ, ಐಸಿಆರ್‌ಪಿ, 2000ದಲ್ಲಿ ತನ್ನ 85ನೇ ಪ್ರಕಟಣೆಯನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿತು. 3 ಗ್ರೇ ಅಥವಾ ಹೆಚ್ಚು ಬಿದ್ದ ರೋಗಿಯನ್ನು ಹತ್ತರಿಂದ ಹದಿನಾಲ್ಕು ದಿನದಲ್ಲಿ ಮತ್ತೆ ನೋಡಿ, ಅವರ ಮಾಮೂಲಿ ಡಾಕ್ಟರಿಗೂ ತಿಳಿಸಿ ಅಂತ ಅದರಲ್ಲಿದೆ. ಅಪ್ಪನ ಬೆನ್ನು ಕೆಂಪಾದದ್ದು ಹನ್ನೆರಡನೇ ದಿನ. ಅಮೆರಿಕದಲ್ಲಿ 2006ರ ಜೂನ್ ನಂತರ ತಯಾರಾದ ಇಂಥ ಯಂತ್ರಗಳೆಲ್ಲ ಒಟ್ಟು ಡೋಸನ್ನು ಪರದೆಯ ಮೇಲೆ ತೋರಿಸಲೇಬೇಕು. ಅದೇ ಥರದ ಯಂತ್ರಗಳು ನಮ್ಮ ಜಿಲ್ಲಾ ಕೇಂದ್ರಗಳಿಗೂ ಬಂದು ಕೂತಿವೆ. ಅಂಕಿ ಹೊಳೆಯುತ್ತಿರುತ್ತದೆ, ಕೇಸು ಮುಗಿದ ಮೇಲೆ ಅದನ್ನು ಹಾಳೆಗೆ ಇಳಿಸುವ ಕೈ ಇಲ್ಲ.

ಒಂದು ಹೋಲಿಕೆ ಕೊಡುತ್ತೇನೆ. ಅವತ್ತು ಆ ಕೋಣೆಯಲ್ಲಿ ಡಾಕ್ಟರು, ನರ್ಸ್, ಟೆಕ್ನಿಷಿಯನ್ ಎಲ್ಲರ ಎದೆ ಮೇಲೂ ಒಂದು ಚಿಕ್ಕ ಬ್ಯಾಡ್ಜ್ ಇತ್ತು. ಟಿಎಲ್‌ಡಿ ಬ್ಯಾಡ್ಜ್. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಎಷ್ಟು ವಿಕಿರಣ ಬಿತ್ತು ಅಂತ ಓದಿಸುತ್ತಾರೆ. ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ (ಇಡೀ ಮೈಗೆ ಬಿದ್ದ ವಿಕಿರಣದ ಮಾನ) ದಾಟಬಾರದು, ಐದು ವರ್ಷ ಸೇರಿ 100 ದಾಟಬಾರದು ಅಂತ ನಮ್ಮ ದೇಶದಲ್ಲಿ ಮಿತಿ ಇದೆ. ಇದು ಇರಬೇಕಾದ್ದೇ. ಅವರು ಅಲ್ಲಿ ದಿನಾ ನಿಲ್ಲುವವರು, ಅವರ ಕಣ್ಣು, ಕೈ ನಮಗೆ ಬೇಕು. ರೋಗಿಗೆ ಇಂಥ ಮಿತಿ ಇಲ್ಲ. ಅದೂ ಸರಿ. ಜೀವ ಉಳಿಸುವಾಗ ಮಧ್ಯದಲ್ಲಿ ಮಿತಿ ಮುಗಿಯಿತು ಅಂತ ಕೈ ತೆಗೆಯಲು ಆಗುವುದಿಲ್ಲ, ಅಲ್ವಾ? ಆದರೆ ಮಿತಿ ಬೇಡ ಅಂದ ಮಾತ್ರಕ್ಕೆ ಲೆಕ್ಕ ಬೇಡ ಅಂತ ಆಗುವುದಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಎಕ್ಸ್‌ರೇ ಬಿದ್ದದ್ದು ಟೇಬಲ್ ಮೇಲೆ ಮಲಗಿದ್ದವರಿಗೆ. ಹಾಳೆಯಲ್ಲಿ ಲೆಕ್ಕ ಇಲ್ಲದ್ದು ಅವರೊಬ್ಬರದೇ.

ಮಾನ್ಯರೇ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಜಾಗ ಇರಲಿಲ್ಲ ಅಂತ ಹೇಳುವ ಹಾಗಿಲ್ಲ. ಅಪ್ಪನ ಸಮ್ಮರಿ ನಾಲ್ಕು ಪುಟ ಇದೆ. ಸ್ಟೆಂಟಿನ ಕಂಪನಿ, ಉದ್ದ, ಅಗಲ, ಬ್ಯಾಚ್ ನಂಬರ್ ಇರುವ ಎರಡು ಸ್ಟಿಕ್ಕರ್ ಅಂಟಿಸಿದ್ದಾರೆ. ಎಷ್ಟು ಮಿಲಿಲೀಟರ್ ಬಣ್ಣದ ಔಷಧಿ ಕೊಟ್ಟರು ಅಂತ ಇದೆ. ಬಲೂನನ್ನು ಎಷ್ಟು ಒತ್ತಡಕ್ಕೆ ಊದಿಸಿದರು ಅಂತ ಇದೆ. ಉಪ್ಪು ಕಡಿಮೆ ತಿನ್ನಿ ಅಂತ ಕನ್ನಡದಲ್ಲೂ ಇದೆ. 2017ರ ಫೆಬ್ರವರಿಯಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಹಾಕಿದಾಗ, ಸ್ಟೆಂಟಿನ ವಿವರವನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು ಎಂಬ ಆದೇಶವೂ ಬಂತು. ಆಸ್ಪತ್ರೆಗಳು ಪಾಲಿಸಿದವು. ಒಂದು ಆದೇಶ ಬಂದರೆ ಒಂದು ಸಾಲು ಸೇರುತ್ತದೆ ಅನ್ನುವುದಕ್ಕೆ ನಮ್ಮ ಮನೆಯ ಫೈಲೇ ಸಾಕ್ಷಿ.

ಆದ್ದರಿಂದ ನನ್ನ ಮೊದಲ ಬೇಡಿಕೆ ಆ ಒಂದು ಸಾಲು. ಎಕ್ಸ್‌ರೇ ನೋಡುತ್ತಾ ಮಾಡುವ ಪ್ರತಿ ಚಿಕಿತ್ಸೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಟ್ಟು ಡೋಸ್ ಎಷ್ಟು ಮಿಲಿಗ್ರೇ, ಎಷ್ಟು ನಿಮಿಷ, ಮೈಯ ಯಾವ ಭಾಗ ಅಂತ ಬರೆಯಲಿ. ಖಾಸಗಿ ಆಸ್ಪತ್ರೆಗಳ ನೋಂದಣಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಕೆಳಗೆ ತಮ್ಮ ಇಲಾಖೆಯ ಕೈಯಲ್ಲೇ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆಗೆ ಹಣ ಬಿಡುಗಡೆ ಮಾಡುವಾಗ ದಾಖಲೆ ಕೇಳುತ್ತೀರಲ್ಲ, ಆ ದಾಖಲೆಗಳ ಜೊತೆ ಯಂತ್ರದ ಡೋಸ್ ಹಾಳೆಯನ್ನೂ ಕೇಳಿ. ಯಾರೂ ಹೊಸ ಯಂತ್ರ ಕೊಳ್ಳಬೇಕಿಲ್ಲ. ಒಂದು ಪ್ರಿಂಟ್, ಅಷ್ಟೇ.

ಎರಡನೆಯದು ಹೇಳುವ ವಿಷಯ. ಪರದೆಯ ಅಂಕಿ 5 ಗ್ರೇ ದಾಟಿದರೆ, ಅಥವಾ ಚರ್ಮದ ಡೋಸ್ 3 ಗ್ರೇ ದಾಟಿದೆ ಅಂತ ಅನ್ನಿಸಿದರೆ, ಆ ರೋಗಿಯ ಮೇಲೆ ಕಣ್ಣಿಡಬೇಕು ಅನ್ನುವುದು ವೈದ್ಯರೇ ಒಪ್ಪಿಕೊಂಡು ಬಂದಿರುವ ಗಡಿ. ಅಂಥವರನ್ನು ಮನೆಗೆ ಕಳಿಸುವ ಮುನ್ನ ಒಂದು ಹಾಳೆ ಕೊಡಿ, ಕನ್ನಡದಲ್ಲಿ. ಬೆನ್ನಿನ ಚಿತ್ರ ಬರೆದು ಇಲ್ಲಿ ನೋಡಿಕೊಳ್ಳಿ ಅಂತ ಗುರುತು ಹಾಕಿ. ಬೆನ್ನು ಯಾರಿಗೂ ತಾನೇ ನೋಡಿಕೊಳ್ಳಲು ಆಗುವುದಿಲ್ಲ, ಮನೆಯವರಿಗೆ ಹೇಳಿ. ಎರಡನೇ ವಾರ, ನಾಲ್ಕನೇ ವಾರ ಒಂದು ಫೋನ್ ಮಾಡಿ. ಕೆರೆಯಬೇಡಿ, ಬಿಸಿಲಿಗೆ ಒಡ್ಡಬೇಡಿ, ಬೇರೆ ಡಾಕ್ಟರ ಹತ್ತಿರ ಹೋದರೆ ಈ ಹಾಳೆ ತೋರಿಸಿ ಅಂತ ಬರೆಯಿರಿ. ಅಂಥ ಹಾಳೆ ಇದ್ದಿದ್ದರೂ ಅಪ್ಪನ ಚರ್ಮ ಸುಡುವುದು ತಪ್ಪುತ್ತಿರಲಿಲ್ಲ, ನಿಜ. ಆದರೆ ಆ ಚೂರು ಚರ್ಮವನ್ನು ಯಾರೂ ಕತ್ತರಿಸುತ್ತಿರಲಿಲ್ಲ.

ಮೂರನೆಯದನ್ನು ಹೃದ್ರೋಗ ತಜ್ಞರಿಗೇ ನೇರವಾಗಿ ಹೇಳುತ್ತೇನೆ. ಸರ್, ಮೇಡಂ, ಎರಡನೇ ಸಲ ಕರೆಯುವ ಮೊದಲು ಮೊದಲನೇ ಸಲದ ಡೋಸ್ ನೋಡಿ. ಅಪ್ಪನ ಮೊದಲ ಹಾಳೆಯನ್ನು ಯಾರಾದರೂ ತೆಗೆದು ನೋಡಿದ್ದರೆ, ಎರಡನೇ ದಿನ ಟ್ಯೂಬಿನ ಕೋನವನ್ನು ನಡುನಡುವೆ ಸ್ವಲ್ಪ ಬದಲಿಸಬಹುದಿತ್ತು. ತುರ್ತಿಲ್ಲದಿದ್ದರೆ ಇನ್ನೂ ಕೆಲವು ವಾರ ತಡೆಯಬಹುದಿತ್ತು. ಸೆಕೆಂಡಿಗೆ 15 ಚಿತ್ರದ ಬದಲು 7.5ಕ್ಕೆ ಇಳಿಸುವುದು, ಕಿಂಡಿಯನ್ನು ಕಿರಿದು ಮಾಡುವುದು, ಚಿತ್ರ ಹಿಡಿಯುವ ಡಿಟೆಕ್ಟರನ್ನು ಎದೆಗೆ ಹತ್ತಿರ ತರುವುದು, ಬೇಡದ ಕಡೆ ಸಿನಿ (ಎಕ್ಸ್‌ರೇ ವಿಡಿಯೋ) ತೆಗೆಯದಿರುವುದು, ಇದೆಲ್ಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೂರು ಗಂಟೆ ವೈರಿನ ತುದಿಯ ಮೇಲೆ ಕಣ್ಣು ನೆಟ್ಟವರಿಗೆ ಪಕ್ಕದ ಪರದೆಯ ಅಂಕಿ ನೋಡಲು ಆಗುವುದಿಲ್ಲ ಅನ್ನುವುದೂ ನನಗೆ ಅರ್ಥವಾಗುತ್ತದೆ. ಹಾಗಾದರೆ ಆ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ. "ಸರ್, ಮೂರು ಗ್ರೇ ಆಯ್ತು", "ಸರ್, ನಾಲ್ಕಾಯ್ತು" ಅಂತ ಗಟ್ಟಿಯಾಗಿ ಹೇಳುವ ಹಕ್ಕು ಆ ಟೆಕ್ನಿಷಿಯನ್ ಹುಡುಗನಿಗೆ ಕೊಡಿ. ಅವನಿಗೆ ಈಗ ಇರುವ ಕೆಲಸ ಕೂಗುವ ಗುಂಡಿಯನ್ನು ಒತ್ತಿ ಸುಮ್ಮನಾಗಿಸುವುದು ಮಾತ್ರ.

ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರಲ್ಲಿ ಒಂದು ಮನವಿ. ಕ್ಯಾಥ್‌ಲ್ಯಾಬ್ ಯಂತ್ರಕ್ಕೆ ಲೈಸೆನ್ಸ್ ಕೊಡುವವರು ತಾವು. ಯಂತ್ರದ ಗುಣಮಟ್ಟ, ಸೀಸದ ಗೋಡೆ, ಸಿಬ್ಬಂದಿಯ ಬ್ಯಾಡ್ಜ್ ನೋಡುವಾಗ ರೋಗಿಯ ಡೋಸಿನ ಪುಸ್ತಕವನ್ನೂ ತೆರೆದು ನೋಡಿ. ಹಳೇ ಬ್ಲಾಕು ಬಿಡಿಸುವಂಥ ಉದ್ದದ ಕೇಸು ಮಾಡುವ ಕಡೆ ಫಿಲ್ಮ್ ಅಥವಾ ಡೋಸ್ ನಕ್ಷೆಯ ಸಾಫ್ಟ್‌ವೇರ್ ಇರಲಿ, ಅದನ್ನು ಓದಬಲ್ಲ ಮೆಡಿಕಲ್ ಫಿಸಿಸಿಸ್ಟ್ ಒಬ್ಬರ ನೆರವು ಸಿಗಲಿ. ಗಾಯ ಆದಾಗ ಹೆದರದೆ ವರದಿ ಮಾಡುವ ದಾರಿ ಇರಲಿ. ವರದಿ ಮಾಡಿದ ಆಸ್ಪತ್ರೆಯನ್ನು ಶಿಕ್ಷಿಸಿದರೆ ಮುಂದಿನ ವರದಿ ಬರುವುದಿಲ್ಲ.

ಚರ್ಮದ ಡಾಕ್ಟರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ನಾನು ಹೇಳುವುದು ಒಂದೇ. ಬೆನ್ನಿನ ಮೇಲೆ ನೆಟ್ಟಗಿನ ಅಂಚಿನ ಕೆಂಪು ಕಂಡರೆ ಆ ದಾವಣಗೆರೆಯ ಡಾಕ್ಟರು ಕೇಳಿದ ಪ್ರಶ್ನೆ ಕೇಳಿ.

ಈ ಪತ್ರ ಓದಿ ಆಂಜಿಯೋಪ್ಲಾಸ್ಟಿಗೆ ದಿನ ಗೊತ್ತಾಗಿರುವ ಯಾರಾದರೂ ಹೆದರಿದರೆ ನನಗೆ ಬಹಳ ಬೇಸರವಾಗುತ್ತದೆ. ದಯವಿಟ್ಟು ಹೆದರಬೇಡಿ, ಚಿಕಿತ್ಸೆ ಬಿಡಬೇಡಿ. ಸಾಮಾನ್ಯ ಆಂಜಿಯೋಗ್ರಾಂ, ಒಂದು ಸ್ಟೆಂಟಿನ ಮಾಮೂಲಿ ಕೇಸುಗಳಲ್ಲಿ ಡೋಸ್ ಚರ್ಮಕ್ಕೆ ಗಾಯ ಮಾಡುವ ಗಡಿಯ ಹತ್ತಿರಕ್ಕೂ ಹೋಗುವುದು ಅಪರೂಪ. ಉದ್ದದ ಕೇಸು, ಮತ್ತೆ ಮತ್ತೆ ಮಾಡಿದ ಕೇಸು, ದಪ್ಪ ಮೈಯವರ ಕೇಸಿನಲ್ಲಿ ಮಾತ್ರ ಈ ಎಚ್ಚರ ಬೇಕು. ಮುಗಿದ ಮೇಲೆ "ಡೋಸ್ ಎಷ್ಟಾಯ್ತು ಸರ್, ಬರೆದುಕೊಡಿ" ಅಂತ ಕೇಳಿ. ನಾನು ಕೇಳಲಿಲ್ಲ. ಎಕ್ಸ್‌ರೇ ಬಗ್ಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ, ಆದರೂ ಆ ಬಾಗಿಲಿನ ಹೊರಗೆ ಕೂತಾಗ ನನಗೆ ಅದು ಹೊಳೆಯಲಿಲ್ಲ. ಆ ನೋವು ನನ್ನಲ್ಲಿ ಇನ್ನೂ ಇದೆ.

ಮುಂದಿನ ತಿಂಗಳು ಅಪ್ಪನಿಗೆ ಮತ್ತೆ ಆಂಜಿಯೋಗ್ರಾಂ ಬೇಕಾಗಬಹುದು ಎಂದಿದ್ದಾರೆ. ಫೈಲಿನ ಮೊದಲ ಹಾಳೆಯ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: "2023, ಎರಡು ಸಲ, ಒಟ್ಟು 15,450 ಮಿಲಿಗ್ರೇ, ಬಲ ಬೆನ್ನು. ದಯವಿಟ್ಟು ಈ ಜಾಗ ಬಿಟ್ಟು ಬೇರೆ ಕೋನ ನೋಡಿ." ಇದನ್ನು ಬರೆಯುವ ಕೆಲಸ ಆಸ್ಪತ್ರೆಯದಾಗಲಿ ಎಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಎರಡೂ ಡೋಸ್ ಹಾಳೆಗಳ ನಕಲನ್ನು, ಹೆಸರುಗಳನ್ನು ಮುಚ್ಚಿ, ತಮ್ಮ ಕಚೇರಿಗೆ ಕಳಿಸುವ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,
ಇತಿ ತಮ್ಮ ವಿಶ್ವಾಸಿ,
ರೋಗಿಯೊಬ್ಬರ ಮಗಳು, ಹೈಸ್ಕೂಲು ಶಿಕ್ಷಕಿ
ಚಿತ್ರದುರ್ಗ ಜಿಲ್ಲೆ